ಆ ದಿನದ ರೊಟ್ಟಿ, ಆ ದಿನದ ಕೃತಜ್ಞತೆ

1757ರ ಡಿಸೆಂಬರಿನಲ್ಲಿ ಲೊಯ್ಟೆನ್ ಎಂಬಲ್ಲಿ ತಮಗಿಂತ ದೊಡ್ಡದಾದ ಆಸ್ಟ್ರಿಯಾದ ಸೇನೆಯನ್ನು ಸೋಲಿಸಿದ ಪ್ರಷ್ಯಾದ ಸೈನಿಕರು ಅಂದಿನ ರಾತ್ರಿ ಒಂದು ಭಕ್ತಿಗೀತೆಯನ್ನು ಹಾಡಿದರೆಂದು ಇತಿಹಾಸ ಹೇಳುತ್ತದೆ. ಸುಮಾರು ಇನ್ನೂರು ವರ್ಷಗಳ ನಂತರ, 1955ರಲ್ಲಿ, ಸೋವಿಯತ್ ಒಕ್ಕೂಟದಿಂದ ಬಿಡುಗಡೆಯಾದ ಕೊನೆಯ ಜರ್ಮನ್ ಯುದ್ಧಕೈದಿಗಳು ಫ್ರೀಡ್‌ಲ್ಯಾಂಡ್ ಶಿಬಿರಕ್ಕೆ ಬಂದಿಳಿದಾಗ ಹಾಡಿದ್ದೂ ಅದೇ ಗೀತೆ. 'ನುನ್ ಡಾಂಕೆಟ್ ಆಲ್ಲೆ ಗಾಟ್' ಎಂಬ ಈ ಕೃತಜ್ಞತಾಗೀತೆಯ ಮೇಲೆ ಸಂಗೀತಗಾರ ಬಾಖ್ ಒಂದು ಕಂಟಾಟವನ್ನೇ ರಚಿಸಿದ್ದಾನೆ. ಇಷ್ಟೆಲ್ಲ ವೈಭವ ಕಂಡ ಈ ಹಾಡು ಹುಟ್ಟಿದ್ದು ಮಾತ್ರ ಒಂದು ಮನೆಯ ಊಟದ ಮೇಜಿನ ಪ್ರಾರ್ಥನೆಯಾಗಿ. ಕ್ರೈಸ್ತ ಚಿಂತನೆಯಲ್ಲಿ ಕೃತಜ್ಞತೆಗೂ ಭರವಸೆಗೂ ಇರುವ ಅರ್ಥವೇನೆಂಬುದನ್ನು ಈ ಹಾಡಿನ ಚರಿತ್ರೆ ಚೆನ್ನಾಗಿ ತಿಳಿಸುತ್ತದೆ.

ಇದರ ಕರ್ತೃ ಮಾರ್ಟಿನ್ ರಿಂಕಾರ್ಟ್. ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಐಲೆನ್‌ಬುರ್ಗ್ ಪಟ್ಟಣದಲ್ಲಿ 1586ರಲ್ಲಿ ಹುಟ್ಟಿದ ಈತ 1617ರಲ್ಲಿ ಅದೇ ಊರಿಗೆ ಪಾದ್ರಿಯಾಗಿ ಬಂದ. ಮರುವರ್ಷವೇ ಯೂರೋಪನ್ನು ಸುಟ್ಟ ಮೂವತ್ತು ವರ್ಷಗಳ ಯುದ್ಧ ಆರಂಭವಾಯಿತು. ಐಲೆನ್‌ಬುರ್ಗ್ ಕೋಟೆಗೋಡೆಯಿದ್ದ ಊರು. ಸುತ್ತಲಿನ ಹಳ್ಳಿಗಳ ನಿರಾಶ್ರಿತರೆಲ್ಲ ಅಲ್ಲಿಗೆ ನುಗ್ಗಿದರು. ಜನ ಕಿಕ್ಕಿರಿದಲ್ಲಿ ರೋಗ ಬಾರದಿರುವುದುಂಟೆ? 1637ರಲ್ಲಿ ಪ್ಲೇಗ್ ಬಂತು. ಊರಿನ ಇತರ ಇಬ್ಬರು ಪಾದ್ರಿಗಳನ್ನು ರಿಂಕಾರ್ಟನೇ ಮಣ್ಣುಮಾಡಬೇಕಾಯಿತು. ಬಳಿಕ ದಿನಕ್ಕೆ ನಲವತ್ತು, ಐವತ್ತು ಶವಸಂಸ್ಕಾರಗಳ ಭಾರ ಆತನೊಬ್ಬನ ಮೇಲೆಯೇ ಬಿತ್ತು. ಆತ ನಡೆಸಿದ ಅಂತ್ಯಕ್ರಿಯೆಗಳ ಸಂಖ್ಯೆ ಸುಮಾರು 4,480 ಎಂದು ಹೇಳಲಾಗುತ್ತದೆ. ಆ ಮೇ ತಿಂಗಳಲ್ಲಿ ಸತ್ತವರಲ್ಲಿ ಆತನ ಹೆಂಡತಿಯೂ ಒಬ್ಬಳು.

ಇಂಥ ದುರಂತದ ನಡುವೆ ಕೂತು ರಿಂಕಾರ್ಟ್ ಈ ಹಾಡು ಬರೆದನೆಂಬ ಕಥೆ ಪ್ರಚಲಿತವಾಗಿದೆ. 1648ರ ವೆಸ್ಟ್‌ಫೇಲಿಯಾ ಶಾಂತಿ ಒಪ್ಪಂದದ ಸಂಭ್ರಮಕ್ಕೆ ಬರೆದನೆಂದು ಹೇಳುವವರೂ ಇದ್ದಾರೆ. ಆದರೆ ವಿದ್ವಾಂಸರ ಅಭಿಪ್ರಾಯ ಬೇರೆ. 1636ರಲ್ಲಿ ಹೊರಬಂದ ಆತನ ಪ್ರಾರ್ಥನಾ ಪುಸ್ತಕದಲ್ಲಿಯೇ ಈ ಹಾಡು ಇದ್ದಿರಬೇಕು. ಆ ಪುಸ್ತಕದ ಈಗ ಉಳಿದಿರುವ 1663ರ ಆವೃತ್ತಿಯಲ್ಲಿ ಇದಕ್ಕೆ 'ಊಟದ ಪುಟ್ಟ ಪ್ರಾರ್ಥನೆ' ಎಂಬ ಅರ್ಥದ ಶೀರ್ಷಿಕೆಯಿದೆ. ಅಂದರೆ ಪ್ಲೇಗ್ ಬರುವ ಮೊದಲೇ ಆ ಮನೆಯಲ್ಲಿ ಈ ವಂದನೆ ರೂಢಿಯಲ್ಲಿದ್ದಿರಬೇಕು. ಕಥೆಗಿಂತ ಈ ಸಂಗತಿಯೇ ಹೆಚ್ಚು ಅರ್ಥಪೂರ್ಣ. ಆಪತ್ತು ಬಂದ ದಿನ ಮನುಷ್ಯ ಕೃತಜ್ಞತೆಯನ್ನು ಹೊಸದಾಗಿ ಕಲಿಯಲಾರ. ಸಾಧಾರಣ ದಿನಗಳಲ್ಲಿ, ಸಾಧಾರಣ ಅನ್ನದ ಮುಂದೆ ಕಲಿತದ್ದೇ ಆಗ ಕೈಹಿಡಿಯುತ್ತದೆ.

ಇದರ ಮೂಲ ಕ್ರೈಸ್ತ ಆರಾಧನೆಯ ಕೇಂದ್ರದಲ್ಲಿಯೇ ಇದೆ. ರೊಟ್ಟಿ ಮತ್ತು ದ್ರಾಕ್ಷಾರಸದ ಪವಿತ್ರ ಸಂಸ್ಕಾರಕ್ಕೆ 'ಯೂಖರಿಸ್ಟ್' ಎಂಬ ಹೆಸರು ಬಂದದ್ದು ಕೃತಜ್ಞತೆ ಎಂಬರ್ಥದ ಗ್ರೀಕ್ ಪದದಿಂದ. ಊಟಕ್ಕೆ ಮೊದಲು ರೊಟ್ಟಿಯನ್ನು ಹಿಡಿದು ದೇವರನ್ನು ಸ್ತುತಿಸುವುದು ಯೆಹೂದಿ ಮನೆಗಳ ಹಳೆಯ ಪದ್ಧತಿ. ಯೇಸು ತನ್ನ ಶಿಷ್ಯರೊಂದಿಗೆ ಕೊನೆಯ ಬಾರಿ ಊಟಕ್ಕೆ ಕುಳಿತಾಗಲೂ ಇದನ್ನೇ ಮಾಡಿದ. ಅದು ಶಿಷ್ಯನೊಬ್ಬನು ಅವನನ್ನು ಹಿಡಿದುಕೊಟ್ಟ ರಾತ್ರಿ. ಮರುದಿನ ಶಿಲುಬೆಯ ಮರಣ. ಮುಂದಿನದನ್ನು ಅರಿತೂ ಆ ಹೊತ್ತಿನ ರೊಟ್ಟಿಗೆ ಆತ ವಂದಿಸಿದನೆಂಬುದನ್ನು ಚರ್ಚು ಇಂದಿಗೂ ಪ್ರತಿ ಆರಾಧನೆಯಲ್ಲಿ ನೆನೆಯುತ್ತದೆ.

ಕೃತಜ್ಞತೆಯ ಜೊತೆಗಾತಿ ಭರವಸೆ. ಕ್ರಿಸ್ತ ಕಲಿಸಿದ ಪ್ರಾರ್ಥನೆಯಲ್ಲಿ ಅನ್ನಕ್ಕಾಗಿ ಒಂದು ಬೇಡಿಕೆ ಇದೆ. ಅಲ್ಲಿ ರೊಟ್ಟಿಗೆ ಹಚ್ಚಿರುವ ವಿಶೇಷಣ 'ಎಪಿಯೂಸಿಯೋಸ್' ಎಂಬ ಅಪರೂಪದ ಗ್ರೀಕ್ ಪದ. ಇದನ್ನು ಸುವಾರ್ತೆಗಳ ಲೇಖಕರೇ ಸೃಷ್ಟಿಸಿರಬೇಕೆಂದು ಮೂರನೇ ಶತಮಾನದ ವಿದ್ವಾಂಸ ಒರಿಜೆನ್ ಊಹಿಸಿದ್ದ. ಬೈಬಲನ್ನು ಲ್ಯಾಟಿನ್ನಿಗೆ ತಂದ ಜೆರೋಮ್ ಲೂಕನ ಸುವಾರ್ತೆಯಲ್ಲಿ ಇದಕ್ಕೆ 'ದಿನನಿತ್ಯದ' ಎಂಬ ಅರ್ಥ ಕೊಟ್ಟ. ಮತ್ತಾಯನ ಸುವಾರ್ತೆಯಲ್ಲಿ ಅದೇ ಪದವನ್ನು 'ಲೌಕಿಕ ವಸ್ತುವನ್ನು ಮೀರಿದ' ಎಂಬರ್ಥದಲ್ಲಿ ಅನುವಾದಿಸಿದ. 'ಬರುವ ದಿನದ', 'ಬದುಕಿಗೆ ಬೇಕಾದಷ್ಟು' ಎಂದು ಅರ್ಥೈಸಿದವರೂ ಉಂಟು. ಪದದ ಅರ್ಥದಲ್ಲಿ ಭಿನ್ನಾಭಿಪ್ರಾಯವಿದ್ದರೂ ಬೇಡಿಕೆ ಚಿಕ್ಕದೆಂಬುದು ಸ್ಪಷ್ಟ. ಅಲ್ಲಿ ಕಣಜದ ಮಾತಿಲ್ಲ. 'ನನಗೆ' ಎಂಬ ಮಾತೂ ಇಲ್ಲ, ಇರುವುದು 'ನಮಗೆ'.

ಈ ಚಿಕ್ಕ ಅಳತೆಯ ಹಿಂದೆ ವಿಮೋಚನಕಾಂಡದ ಮನ್ನದ ಕಥೆ ಇದೆ. ಈಜಿಪ್ಟಿನ ದಾಸ್ಯದಿಂದ ಹೊರಟ ಇಸ್ರಾಯೇಲ್ಯರಿಗೆ ಮರುಭೂಮಿಯಲ್ಲಿ ಪ್ರತಿ ಮುಂಜಾನೆ ಮನ್ನ ಎಂಬ ಆಹಾರ ಸಿಗುತ್ತಿತ್ತು. ತಲೆಗೆ ಇಷ್ಟೆಂದು ಅಳತೆ. ಹೆಚ್ಚು ಬಾಚಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ನಾಳೆಗೆಂದು ಮುಚ್ಚಿಟ್ಟದ್ದು ಹುಳು ಬಿದ್ದು ನಾರಿತು. ವಿಶ್ರಾಂತಿದಿನದ ಹಿಂದಿನ ದಿನ ಮಾತ್ರ ಎರಡು ಪಾಲು. ಬಡವನು ಬೇಡಲಿ, ಶ್ರೀಮಂತನು ಬೇಡಲಿ, ಅಂದಂದಿನದನ್ನು ಬೇಡುವವನಿಗೆ ಇನ್ನೊಬ್ಬನ ಪಾಲನ್ನು ಕೂಡಿಡುವ ಹಕ್ಕಿಲ್ಲವೆಂಬುದು ಈ ಕಥೆಯ ಇಂಗಿತ.

ರೊಟ್ಟಿಯ ಅರ್ಥವನ್ನು ಮತ್ತಷ್ಟು ಹಿಗ್ಗಿಸಿದವನು ಮಾರ್ಟಿನ್ ಲೂಥರ್. 1529ರ ತನ್ನ ಕಿರು ಪ್ರಶ್ನೋತ್ತರ ಗ್ರಂಥದಲ್ಲಿ ಆತ ಅನ್ನ ಬಟ್ಟೆಗಳ ಜೊತೆ ಮನೆ, ಹೊಲ, ಒಳ್ಳೆಯ ಸರ್ಕಾರ, ಒಳ್ಳೆಯ ಹವೆ, ಶಾಂತಿ, ಆರೋಗ್ಯ, ನಂಬಿಕಸ್ಥ ನೆರೆಹೊರೆ ಇವೆಲ್ಲವನ್ನೂ ದಿನದ ರೊಟ್ಟಿಯೆಂದೇ ಎಣಿಸಿದ. ಊಟಕ್ಕೆ ಮೊದಲು ಮತ್ತು ನಂತರ ಮನೆಮಂದಿ ಹೇಳಬೇಕಾದ ಪ್ರಾರ್ಥನೆಗಳನ್ನೂ ಕೊಟ್ಟ. ರಿಂಕಾರ್ಟ್ ಬೆಳೆದದ್ದು ಈ ಪರಂಪರೆಯಲ್ಲಿ.

ಇಲ್ಲೊಂದು ಪ್ರಶ್ನೆ ಏಳುವುದು ಸಹಜ. ಸಾವಿರಾರು ಹೆಣಗಳ ಎದುರು ಕೃತಜ್ಞತೆ ಎನ್ನುವುದು ಸುಳ್ಳಾಗುವುದಿಲ್ಲವೇ? ಹಸಿದವನಿಗೆ ಇದ್ದುದರಲ್ಲಿ ತೃಪ್ತನಾಗಿರು ಎಂದು ಉಂಡವನು ಬೋಧಿಸಿದರೆ ಅದು ಕ್ರೌರ್ಯವೇ ಸರಿ. ಬೈಬಲ್ ಇಂಥ ಬಾಯಿಮುಚ್ಚಿಸುವ ತೃಪ್ತಿಯನ್ನು ಕೇಳುವುದಿಲ್ಲ. ಅದರ 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳು, ದೂರು, ದೇವರೇಕೆ ಸುಮ್ಮನಿದ್ದಾನೆಂಬ ನೇರ ಪ್ರಶ್ನೆ. ವಂದನೆಯೂ ಗೋಳೂ ಒಂದೇ ಪುಸ್ತಕದಲ್ಲಿ, ಎಷ್ಟೋ ಸಲ ಒಂದೇ ಕೀರ್ತನೆಯಲ್ಲಿ, ಅಕ್ಕಪಕ್ಕ ಕೂತಿವೆ.

ರಿಂಕಾರ್ಟನ ನಡತೆಯೂ ಇದಕ್ಕೆ ಉತ್ತರ ಕೊಡುತ್ತದೆ. ಪ್ಲೇಗಿನ ಬೆನ್ನಿಗೇ ಕ್ಷಾಮ ಬಂತು. ಸತ್ತ ಬೆಕ್ಕು, ಕಾಗೆಗಳಿಗಾಗಿ ಜನ ಬೀದಿಯಲ್ಲಿ ಹೊಡೆದಾಡಿದರು. ಆತ ಮನೆಯವರಿಗೆ ತೀರ ಅಗತ್ಯವಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಹಂಚಿದ; ಮುಂದಿನ ವರ್ಷಗಳ ವರಮಾನವನ್ನು ಒತ್ತೆಯಿಟ್ಟು ಸಾಲ ತಂದ. 1639ರಲ್ಲಿ ಸ್ವೀಡನ್ ಸೇನೆ ಊರಿನಿಂದ 30,000 ಥೇಲರ್ ಕೇಳಿದಾಗ ಮೊತ್ತವನ್ನು ತಗ್ಗಿಸುವಂತೆ ಅಂಗಲಾಚಿದವನೂ ಆತನೇ. ಕೊನೆಗೆ ಸೇನೆ 2,000 ಫ್ಲೋರಿನ್‌ಗೆ ಒಪ್ಪಿತು. ಭರವಸೆಯೆಂದರೆ ಕೈಕಟ್ಟಿ ಕೂರುವುದೆಂದು ಆತ ತಿಳಿದಿರಲಿಲ್ಲ. ಯುದ್ಧ ಮುಗಿದ ಮರುವರ್ಷ, 1649ರಲ್ಲಿ, ದಣಿದ ಆ ಜೀವ ಕಣ್ಮುಚ್ಚಿತು.

ಜರ್ಮನ್ ಭಾಷೆಯ ಭಕ್ತಿಗೀತೆಗಳ ಈ ಪರಂಪರೆಗೆ ಕನ್ನಡನಾಡಿನ ನಂಟೂ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಮೂಲಕ ಅದರ ರಾಗಗಳು ಕನ್ನಡದ ಚರ್ಚುಗಳಿಗೆ ಬಂದವು. ಅದೇ ಕರಾವಳಿಯ ಕೊಂಕಣಿ ಕಥೋಲಿಕರು ಸೆಪ್ಟೆಂಬರ್ 8ರಂದು ಮರಿಯಳ ಜನ್ಮದಿನವನ್ನು ಮೊಂತಿ ಹಬ್ಬವಾಗಿ ಆಚರಿಸುತ್ತಾರೆ. ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಅದರ ಕೆಲವು ಕಾಳುಗಳನ್ನು ಹಾಲಿಗೋ ಪಾಯಸಕ್ಕೋ ಸೇರಿಸಿ, ಎಲ್ಲರೂ ಸೇರಿ ಸಸ್ಯಾಹಾರದ ಊಟ ಮಾಡುತ್ತಾರೆ. ಹೊಸ ಅಕ್ಕಿಯ ಊಟ ತುಳುನಾಡಿನ ಇತರ ಮನೆಗಳಿಗೂ ಹೊಸತಲ್ಲ. ಗದ್ದೆಯಿಲ್ಲದ ಪಟ್ಟಣದ ಮನೆಗೂ ಅಂದು ಒಂದು ತೆನೆ ಬರುತ್ತದೆ.

ಆ ಕೆಲವು ಕಾಳುಗಳಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಆದರೆ ಬಟ್ಟಲಿನಲ್ಲಿರುವುದು ತನ್ನೊಬ್ಬನ ಗಳಿಕೆಯಲ್ಲ, ಅದಕ್ಕೆ ಮಳೆ, ಮಣ್ಣು, ಇನ್ನೊಬ್ಬರ ಬೆವರು ಸೇರಿದೆ ಎಂಬುದು ಉಣ್ಣುವವನಿಗೆ ನೆನಪಾಗುತ್ತದೆ. ಐಲೆನ್‌ಬುರ್ಗಿನ ಮೇಜಿನ ಪ್ರಾರ್ಥನೆ ಮಕ್ಕಳಿಗೆ ಕಲಿಸಿದ್ದೂ ಇಷ್ಟನ್ನೇ.