ಬಿಗ್, ಲಾರ್ಜ್, ಗ್ರೇಟ್

ಇಂಗ್ಲಿಷಿನ ‘ಬಿಗ್’, ‘ಲಾರ್ಜ್’, ‘ಗ್ರೇಟ್’ ಮೂರಕ್ಕೂ ಕನ್ನಡದಲ್ಲಿ ಸಾಮಾನ್ಯವಾಗಿ ಹೇಳುವ ಅರ್ಥ ‘ದೊಡ್ಡ’. ಆದರೆ ಒಂದರ ಜಾಗದಲ್ಲಿ ಇನ್ನೊಂದು ಎಲ್ಲ ಕಡೆಯೂ ಒಗ್ಗುವುದಿಲ್ಲ. ಅಣ್ಣ ‘ಬಿಗ್ ಬ್ರದರ್’ ಆಗುತ್ತಾನೆ, ‘ಲಾರ್ಜ್ ಬ್ರದರ್’ ಆಗುವುದಿಲ್ಲ.

ಮೂರು ಪದಗಳ ಹುಟ್ಟೂ ಬೇರೆ ಬೇರೆ. ‘ಗ್ರೇಟ್’ ಹಳೆಯ ಇಂಗ್ಲಿಷಿನದು. ಆಗ ಅದಕ್ಕೆ ದಪ್ಪ, ಒರಟು ಎಂಬ ಅರ್ಥವಿತ್ತು. ಜರ್ಮನ್ನಿನ ‘ಗ್ರೋಸ್’ ಅದರ ಬಳಗಕ್ಕೆ ಸೇರಿದ್ದು. ‘ಲಾರ್ಜ್’ ಲ್ಯಾಟಿನ್ನಿನಿಂದ ಫ್ರೆಂಚಿಗೆ, 1066ರ ನಾರ್ಮನ್ ವಿಜಯದ ನಂತರ ಅಲ್ಲಿಂದ ಇಂಗ್ಲಿಷಿಗೆ ಬಂತು. ಮೊದಲು ಅದು ಧಾರಾಳತನವನ್ನು ಸೂಚಿಸುತ್ತಿತ್ತು. ಉದಾರ ಕೊಡುಗೆಗೆ ಇಂದಿಗೂ ಬಳಸುವ ‘ಲಾರ್ಜೆಸ್’ನಲ್ಲಿ ಆ ಅರ್ಥ ಉಳಿದಿದೆ. ‘ಬಿಗ್’ ಕಾಣಿಸಿಕೊಳ್ಳುವುದು ಸುಮಾರು 1300ರಲ್ಲಿ, ಉತ್ತರ ಇಂಗ್ಲೆಂಡಿನ ಬರಹಗಳಲ್ಲಿ, ಬಲಶಾಲಿ ಎಂಬ ಅರ್ಥದಲ್ಲಿ. ಅದರ ಮೂಲ ಸ್ಕ್ಯಾಂಡಿನೇವಿಯದ್ದಿರಬಹುದು ಎಂಬುದು ವಿದ್ವಾಂಸರ ಊಹೆ.

ಕಣ್ಣಿಗೆ ಕಾಣುವ ವಸ್ತುಗಳ ವಿಷಯದಲ್ಲಿ ತೊಡಕು ಕಡಿಮೆ. ಮನೆ ‘ಬಿಗ್’ ಕೂಡ ಹೌದು, ‘ಲಾರ್ಜ್’ ಕೂಡ ಹೌದು. ಮೊದಲನೆಯದು ಮಾತಿನದು, ಎರಡನೆಯದು ತುಸು ಗಂಭೀರ. ಸಂಖ್ಯೆ, ಪ್ರಮಾಣ, ಅಂಗಿಯ ಅಳತೆಗಳಿಗೆ ‘ಲಾರ್ಜ್’ ಹೆಚ್ಚು ಒಪ್ಪುತ್ತದೆ. ತಪ್ಪು, ನಿರ್ಧಾರಗಳಿಗೆ ‘ಬಿಗ್’ ಬೇಕು.

ಕಲಿಯುವವರು ಎಡವುವುದು ಎಣಿಕೆಗೆ ಸಿಗದ ಗುಣಗಳಲ್ಲಿ. ತಾಳ್ಮೆ, ಎಚ್ಚರಿಕೆ, ಧೈರ್ಯಗಳಿಗೆ ‘ಗ್ರೇಟ್’ ಹೊಂದುತ್ತದೆ. ‘ಬಿಗ್ ಪೇಶನ್ಸ್’ ಎನ್ನುವಂತಿಲ್ಲ. ಕನ್ನಡ ಬಲ್ಲವರಿಗೆ ಇದು ಪರಕೀಯವೇನಲ್ಲ. ಕನ್ನಡದಲ್ಲೂ ‘ದೊಡ್ಡ ತಾಳ್ಮೆ’ ಎನ್ನುವುದಿಲ್ಲ, ‘ತುಂಬಾ ತಾಳ್ಮೆ’, ‘ಅಪಾರ ಸಹನೆ’ ಎನ್ನುತ್ತಾರೆ.

ವ್ಯತ್ಯಾಸ ಎದ್ದು ಕಾಣುವುದು ಮನುಷ್ಯರ ಮಾತು ಬಂದಾಗ. ‘ಬಿಗ್ ಮ್ಯಾನ್’ ಎಂದರೆ ಕಟ್ಟುಮಸ್ತಾದವನು, ಇಲ್ಲವೇ ಪ್ರಭಾವಿ. ‘ಲಾರ್ಜ್ ಮ್ಯಾನ್’ ಸ್ಥೂಲಕಾಯದವನನ್ನು ನೋಯಿಸದೆ ಹೇಳುವ ರೀತಿ. ‘ಗ್ರೇಟ್ ಮ್ಯಾನ್’ ಮಾತ್ರ ಮಹಾಪುರುಷ. ಆತನ ಮೈಕಟ್ಟು ಹೇಗಾದರೂ ಇರಲಿ. ಕನ್ನಡದ ‘ದೊಡ್ಡ ಮನುಷ್ಯ’ ಪ್ರಭಾವ, ಹಿರಿಮೆ ಎರಡನ್ನೂ ಒಳಗೊಳ್ಳುವುದರಿಂದ, ಅನುವಾದಿಸುವವರು ಸಂದರ್ಭ ನೋಡಿಯೇ ಪದ ಆರಿಸಬೇಕು.

ಇವನ್ನು ಮೀರಿದ ಗಾತ್ರಕ್ಕೆ ‘ಹ್ಯೂಜ್’, ‘ಇನಾರ್ಮಸ್’ ಇವೆ. ಅತಿಶಯ ಅವುಗಳಲ್ಲೇ ಅಡಗಿರುವುದರಿಂದ ಹಿಂದೆ ‘ವೆರಿ’ ಸೇರಿಸುವುದು ಸಲ್ಲದು. ‘ಇನಾರ್ಮಸ್’ನ ಲ್ಯಾಟಿನ್ ಮೂಲಾರ್ಥ ಕಟ್ಟಳೆ ಮೀರಿದ್ದು ಎಂದು. ಆ ನೆರಳು ‘ಇನಾರ್ಮಿಟಿ’ಯಲ್ಲಿ ಗಾಢವಾಗಿದೆ: ಅದು ಮುಖ್ಯವಾಗಿ ಕೃತ್ಯವೊಂದರ ಘೋರತೆ. ಬರೀ ಗಾತ್ರಕ್ಕೆ ಅದನ್ನು ಬಳಸುವವರೂ ಇದ್ದಾರೆ, ಎಚ್ಚರದ ಬರಹಗಾರರು ಬಳಸುವುದಿಲ್ಲ.