ಖಾಲಿ ಹೊಟ್ಟೆಗೋ, ಊಟವಾದ ಮೇಲೋ?

ಮೆಡಿಕಲ್ ಶಾಪಿನವರು ಕವರಿನ ಮೇಲೆ ಗೀಚಿಕೊಡುವ 1–0–1 ಎಂದರೆ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಎಲ್ಲರಿಗೂ ಗೊತ್ತು. ಪಕ್ಕದಲ್ಲೇ ಬರೆದಿರುವ ‘ಊಟಕ್ಕೆ ಮೊದಲು’, ‘ಊಟದ ನಂತರ’ವನ್ನು ಮಾತ್ರ ನಾವು ಅಷ್ಟಾಗಿ ಲೆಕ್ಕಕ್ಕಿಡುವುದಿಲ್ಲ. ಮಾತ್ರೆ ನಾಟುವುದೂ ಬಿಡುವುದೂ ಎಷ್ಟೋ ಸಲ ಅದರ ಮೇಲೇ ನಿಂತಿರುತ್ತದೆ.

ಥೈರಾಯ್ಡ್ ಮಾತ್ರೆಯನ್ನೇ ನೋಡಿ. ಅದರಲ್ಲಿರುವ ಲೆವೊಥೈರಾಕ್ಸಿನ್ 25, 50, 100 ಮೈಕ್ರೋಗ್ರಾಂಗಳ ಲೆಕ್ಕದ್ದು. ಅಷ್ಟು ಸಣ್ಣ ಪ್ರಮಾಣದಲ್ಲಿ ಸ್ವಲ್ಪ ನಷ್ಟವಾದರೂ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಏರುಪೇರಾಗುತ್ತದೆ. ನಮ್ಮ ಬೆಳಗಿನ ಫಿಲ್ಟರ್ ಕಾಫಿ ಈ ಔಷಧ ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಬರೀ ನೀರಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಕಾಫಿ, ತಿಂಡಿ ಎರಡನ್ನೂ ತಡೆಯಬೇಕು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳಿಗಂತೂ 4 ಗಂಟೆಯ ಅಂತರ ಬೇಕು. ಕಬ್ಬಿಣದ ಮಾತ್ರೆಗೂ ಕಾಫಿ, ಟೀ ಆಗದು. ನಿಂಬೆಹಣ್ಣಿನ ಪಾನಕ ಆದೀತು.

‘ಗ್ಯಾಸ್ಟ್ರಿಕ್ ಮಾತ್ರೆ’ ಎಂದು ಕರೆಯುವ ಪ್ಯಾಂಟೊಪ್ರಜೋಲ್‌ನದು ಬೇರೆ ಕತೆ. ಜಠರದಲ್ಲಿ ಆಮ್ಲ ಸುರಿಸುವ ಪಂಪುಗಳು ಊಟ ಬಿದ್ದಾಗಲೇ ಚುರುಕಾಗುವುದು, ಈ ಮಾತ್ರೆ ಕಟ್ಟಿಹಾಕುವುದು ಚುರುಕಾದ ಪಂಪುಗಳನ್ನೇ. ಹಾಗಾಗಿ ಊಟಕ್ಕೆ ಅರ್ಧ ಗಂಟೆ ಮುಂಚೆ ಅದು ಒಳಗಿರಬೇಕು. ಮಂಡಿನೋವಿಗೆ ಕೊಡುವ ಡೈಕ್ಲೊಫೆನಾಕ್ ಹೊಟ್ಟೆ ಕೆಡಿಸದಿರಲೆಂದು ಊಟದ ನಂತರ. ಆದರೆ ಊಟ ಮಾಡಿಯೇ ನುಂಗಿದರೂ, ವೈದ್ಯರನ್ನು ಕೇಳದೆ ವಾರಗಟ್ಟಲೆ ಮುಂದುವರಿಸಿದರೆ ಹುಣ್ಣಿನ ಅಪಾಯ ತಪ್ಪದು.

ನೀರಿನ ಲೋಟವನ್ನೂ ಹಗುರಾಗಿ ಕಾಣಬೇಡಿ. ಇಲಿಜ್ವರಕ್ಕೂ ಮೊಡವೆಗೂ ಕೊಡುವ ಡಾಕ್ಸಿಸೈಕ್ಲಿನ್ ಅನ್ನನಾಳದಲ್ಲಿ ಅಂಟಿ ಕೂತರೆ ಅಲ್ಲೇ ಸುಟ್ಟು ಹುಣ್ಣು ಮಾಡುತ್ತದೆ. ತುಂಬಿದ ಲೋಟ ನೀರು ಕುಡಿದು, ಅರ್ಧ ಗಂಟೆಯಾದರೂ ಮಲಗದೆ ನೆಟ್ಟಗೆ ಕೂತಿರಬೇಕು.

ಹೆಸರಿನ ಮುಂದೆ ಎಸ್‌ಆರ್, ಎಕ್ಸ್‌ಆರ್ ಎಂದಿರುವ ಮಾತ್ರೆಗಳು ದಿನವಿಡೀ ನಿಧಾನವಾಗಿ ಕರಗಲೆಂದೇ ಮಾಡಿದವು. ಕುಟ್ಟಿ ಪುಡಿ ಮಾಡಿ ಅಜ್ಜನಿಗೆ ಕುಡಿಸಿದರೆ ಇಡೀ ದಿನದ ಔಷಧ ಒಮ್ಮೆಗೇ ಮೈಗೆ ಇಳಿಯುತ್ತದೆ. ನುಂಗಲಾಗದಿದ್ದರೆ ಸಿರಪ್ ಇದೆಯೇ ಎಂದು ವೈದ್ಯರನ್ನು ಕೇಳಿ. ಸಿರಪ್ಪನ್ನು ಅಳೆಯಲು ಬಾಟಲಿಯ ಜೊತೆ ಬರುವ ಮುಚ್ಚಳವೇ ಇರಲಿ. ಅಡುಗೆಮನೆಯ ಚಮಚ ಒಂದೊಂದು ಮನೆಯಲ್ಲಿ ಒಂದೊಂದು ಅಳತೆ. ಬೆಳಗಿನದು ಮರೆತಿತೆಂದು ರಾತ್ರಿ ಎರಡು ನುಂಗಬೇಡಿ.

ಅಂಗಡಿಯಲ್ಲಿ ಸ್ಟ್ರಿಪ್ ಕತ್ತರಿಸಿ ಕೊಡುವಾಗ ಎಕ್ಸ್‌ಪೈರಿ ದಿನಾಂಕವಿರುವ ತುದಿ ಅವರಲ್ಲೇ ಉಳಿದುಬಿಡುತ್ತದೆ. ಅದನ್ನು ಕವರಿನ ಮೇಲೆ ಬರೆಸಿಕೊಂಡೇ ಬನ್ನಿ.