ಮಳೆಗಾಲಕ್ಕೆ ಮೊದಲು ಸೈಕಲಿಗೂ ಒಂದು ಗಂಟೆ ಕೊಡಿ

ಮುಂಬಯಿ: ಪವಾಯಿ ಪರಿಸರದಲ್ಲಿ ಸೈಕಲ್ ತುಳಿಯುವವರಿಗೆ ಪ್ರತ್ಯೇಕ ದಾರಿ ಆಗಬೇಕೆಂಬ ಮಾತು ಹಿಂದೆ ಬಂದಿತ್ತು. ಕೆರೆಯ ಸುತ್ತ ಮಹಾನಗರ ಪಾಲಿಕೆ ಕೈಗೆತ್ತಿಕೊಂಡ ಸೈಕಲ್ ಪಥದ ವಿರುದ್ಧ ಐಐಟಿ ವಿದ್ಯಾರ್ಥಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 2022ರ ಮೇ 6ರಂದು ಮುಂಬಯಿ ಹೈಕೋರ್ಟ್ ಆ ಕಾಮಗಾರಿ ಕಾನೂನುಬಾಹಿರವೆಂದು ಸಾರಿ, ಕಟ್ಟಿದ್ದನ್ನು ತೆಗೆದು ಜಾಗವನ್ನು ಮೊದಲಿನಂತೆ ಮಾಡಲು ಆದೇಶಿಸಿತು. ಕೆರೆ ಉಳಿಯಿತು, ಸೈಕಲಿನವರು ಬಸ್ಸು, ಟ್ರಕ್ಕುಗಳ ನಡುವೆ ಜೋಗೇಶ್ವರಿ-ವಿಕ್ರೋಲಿ ಲಿಂಕ್ ರಸ್ತೆಯಲ್ಲೇ ಉಳಿದರು. ಇಂಥ ರಸ್ತೆಯಲ್ಲಿ ಸವಾರನಿಗೆ ಬ್ರೇಕೇ ಆಪದ್ಬಾಂಧವ.

ತೆಳ್ಳಗಿನ ಟಯರಿನ ರೋಡ್ ಸೈಕಲನ್ನು ಸಾವಿರಾರು ರೂಪಾಯಿ ಕೊಟ್ಟು ತರುವವರು ಅದರ ಆರೈಕೆಯನ್ನು ಮರೆಯುವುದೇ ಹೆಚ್ಚು. ಮನೆಯಲ್ಲೇ ಮಾಡಬಹುದಾದ ಕೆಲಸಗಳು ಇಲ್ಲಿವೆ.

ಗಾಳಿ: ಎಷ್ಟಿರಬೇಕೆಂದು ಟಯರಿನ ಬದಿಯಲ್ಲೇ ಬರೆದಿರುತ್ತದೆ. 25 ಮಿ.ಮೀ. ಟಯರಿಗೆ ಸಾಮಾನ್ಯವಾಗಿ 80ರಿಂದ 100 ಪಿಎಸ್‌ಐ. ಗಾಳಿ ಕಡಿಮೆಯಾದರೆ ಗುಂಡಿಯ ಅಂಚಿಗೆ ಬಡಿದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಜೋಡಿ ತೂತು ಬೀಳುತ್ತದೆ. ವಾರಕ್ಕೊಮ್ಮೆ ನೋಡಿಕೊಳ್ಳಬೇಕು.

ಬ್ರೇಕ್: ಹಿಡಿಯನ್ನು ಬಲವಾಗಿ ಒತ್ತಿದರೂ ಅದು ಹ್ಯಾಂಡಲಿಗೆ ತಾಗಬಾರದು. ಕೇಬಲಿನ ತುದಿಯಲ್ಲಿರುವ ತಿರುಪನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ರಬ್ಬರ್ ರಿಮ್ಮಿಗೆ ಹತ್ತಿರವಾಗುತ್ತದೆ. ರಬ್ಬರ್ ರಿಮ್ಮಿಗೆ ಮಾತ್ರ ತಾಗಬೇಕು, ಟಯರಿಗಲ್ಲ. ರಬ್ಬರಿನಲ್ಲಿರುವ ಗೀರುಗಳು ಸವೆದು ಮಾಯವಾಗಿದ್ದರೆ ಹೊಸದು ಹಾಕಿಸಿ. ಮಳೆಯಲ್ಲಿ ಒದ್ದೆ ರಿಮ್ಮಿನ ಮೇಲೆ ಬ್ರೇಕ್ ನಿಧಾನವಾಗಿ ಹಿಡಿಯುತ್ತದೆ. ಮೊದಲೇ ಒತ್ತಲು ಶುರುಮಾಡುವುದು ಒಳ್ಳೆಯದು. ಡಿಸ್ಕ್ ಬ್ರೇಕ್ ಇದ್ದರೆ ತಟ್ಟೆಗೆ ಎಣ್ಣೆಯ ಹನಿಯೂ ತಾಗಬಾರದು.

ಚೈನ್: ಮಳೆಯಲ್ಲಿ ತುಳಿದು ಬಂದ ದಿನ ಬಟ್ಟೆಯಿಂದ ಒರೆಸಿ, ಒಣಗಿದ ಬಳಿಕ ಪ್ರತಿ ಕೊಂಡಿಗೆ ಒಂದೊಂದು ಹನಿ ಚೈನ್ ಎಣ್ಣೆ ಬಿಟ್ಟು, ಪೆಡಲನ್ನು ಹಿಂದಕ್ಕೆ ತಿರುಗಿಸಿ, ಹೆಚ್ಚಾದುದನ್ನು ಒರೆಸಿ. ಅಡುಗೆಮನೆಯ ತೆಂಗಿನೆಣ್ಣೆ ಬೇಡ. ಅಂಟಾಗಿ ಧೂಳು ಹಿಡಿಯುತ್ತದೆ. ಸವೆತ ತಿಳಿಯಲು ಮಕ್ಕಳ ಫುಟ್‌ಪಟ್ಟಿ ಸಾಕು. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ 12 ಅಂಗುಲ ಸರಿಯಾಗಿ ಕೂಡುತ್ತದೆ. ಅದು ಅಂಗುಲದ 16ನೇ ಒಂದು ಭಾಗ ಉದ್ದವಾದರೆ ಚೈನ್ ಬದಲಿಸಬೇಕು. 8ನೇ ಒಂದು ಭಾಗದವರೆಗೆ ಕಾದರೆ ಹಿಂದಿನ ಹಲ್ಲುಚಕ್ರಗಳಿಗೂ ದುಡ್ಡು ತೆರಬೇಕಾದೀತು.

ಗೇರ್: ದೊಡ್ಡ ಚಕ್ರಕ್ಕೆ ಏರಲು ಚೈನ್ ತಡವರಿಸಿದರೆ ಹಿಂದಿನ ಗೇರಿಗೆ ಕೇಬಲ್ ಸೇರುವಲ್ಲಿರುವ ತಿರುಪನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ನೋಡಿ. ಸಣ್ಣ ಚಕ್ರಕ್ಕೆ ಇಳಿಯಲು ತಡವರಿಸಿದರೆ ಅದಕ್ಕೆ ಎದುರು ದಿಕ್ಕು.

ಸೀಟು: ಕೆಳಗಿರುವ ಪೆಡಲಿನ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗಬೇಕು. ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ಸ್ವಲ್ಪ ಮಡಚಿಕೊಂಡಿರುತ್ತದೆ. ಸೀಟಿನ ಕಂಬದ ಮೇಲಿನ ಗುರುತಿಗಿಂತ ಮೇಲಕ್ಕೆ ಎಳೆಯಬಾರದು.

ಇಷ್ಟಕ್ಕೆ 4, 5, 6 ಮಿ.ಮೀ. ಎಲನ್ ಕೀ, ಪಂಪು, ಎಣ್ಣೆ, ಹಳೆಯ ಬನಿಯನ್ ಸಾಕು. ಗಾಲಿ ವಾಲಾಡುತ್ತಿದ್ದರೆ, ಹ್ಯಾಂಡಲ್ ಸಡಿಲಗೊಂಡಿದ್ದರೆ, ಕೇಬಲಿನ ಎಳೆ ಬಿಚ್ಚಿದ್ದರೆ ಮಾತ್ರ ಮನೆಮದ್ದು ಬೇಡ, ಮೆಕ್ಯಾನಿಕ್ ಬಳಿ ಕೊಂಡೊಯ್ಯಿರಿ. ಮಕ್ಕಳನ್ನು ಸೈಕಲಿನಲ್ಲಿ ಶಾಲೆಗೋ ಕ್ಲಾಸಿಗೋ ಕಳುಹಿಸುವ ಹೆತ್ತವರು ಗೇಟು ದಾಟುವ ಮುನ್ನ ಎರಡೂ ಬ್ರೇಕ್ ಒತ್ತಿ ನೋಡುವ ರೂಢಿ ಮಾಡಿಸಿದರೆ, ಅದೇ ದೊಡ್ಡ ರಕ್ಷೆ.